ಸಿಡಿಲಿನ ಸದ್ದು 400 ಮೀಟರ್ ವೇಗದಲ್ಲಿ ಬಂತೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಭರಣಿ ಮಳೆಯ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದೆವು. ಗದ್ದೆಯಾಚೆಯ ತೋಟದಲ್ಲಿ ತೆಂಗಿನ ಮರವೊಂದಕ್ಕೆ ಸಿಡಿಲು ಬಡಿದದ್ದು ಕಣ್ಣಾರೆ ಕಂಡಿತು. ಒಂಬತ್ತನೇ ತರಗತಿ ಓದುವ ಮಗಳು ಮಿಂಚು ಕಂಡೊಡನೆ ಸೆಕೆಂಡು ಎಣಿಸತೊಡಗಿದಳು. ಎರಡು ಅನ್ನುವಷ್ಟರಲ್ಲಿ ಸದ್ದು ಬಂತು. ಮರುದಿನ ಫೋನಿನ ನಕಾಶೆಯಲ್ಲಿ ಅಳೆದರೆ ಮನೆಯಿಂದ ಮರಕ್ಕೆ 800 ಮೀಟರ್. ಎರಡರಿಂದ ಭಾಗಿಸಿದರೆ 400. ಪುಸ್ತಕದಲ್ಲಿ ಶಬ್ದದ ವೇಗ 340ರ ಆಸುಪಾಸು ಎಂದಿದೆ. ಸಿಡಿಲಿನ ಸದ್ದು ಮಾಮೂಲಿ ಸದ್ದಿಗಿಂತ ಬೇಗ ಬರುತ್ತದೆಯೇ? ಗುಡುಗಿನಿಂದ ಶಬ್ದದ ವೇಗವನ್ನು ಸರಿಯಾಗಿ ಕಂಡುಹಿಡಿಯಲು ದಾರಿ ಇದೆಯೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ಶಹಬ್ಬಾಸ್ ಹೇಳಬೇಕು. ಪಠ್ಯಪುಸ್ತಕದ ಲೆಕ್ಕಗಳು ಶಬ್ದದ ವೇಗವನ್ನು ಮೊದಲೇ ಕೊಟ್ಟು, ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಎಂದು ಕೇಳುತ್ತವೆ. ಆಕೆ ಅದನ್ನು ತಿರುಗಿಸಿ ಹಾಕಿದಳು. ದೂರ ಗೊತ್ತಿದೆ, ವೇಗ ಎಷ್ಟು ಎಂದು ಕೇಳಿದಳು. ಸಿಡಿಲು ಬಿದ್ದ ಮರವೇ ಕಣ್ಣಿಗೆ ಬೀಳುವುದು ಅಪರೂಪದ ಅವಕಾಶ, ಅದನ್ನು ಆಕೆ ಕೈಬಿಡಲಿಲ್ಲ. ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಆ 'ಎರಡು' ಎಂಬ ಅಂಕಿಯಲ್ಲಿ, ಸ್ವಲ್ಪ ಮಟ್ಟಿಗೆ ಆ 800ರಲ್ಲೂ.

ಆ ಸಂಜೆ ನಿಮ್ಮಲ್ಲಿ 25 ಡಿಗ್ರಿ ಸೆಲ್ಸಿಯಸ್ ಇತ್ತು ಎಂದುಕೊಳ್ಳೋಣ. ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್. 800 ಮೀಟರ್ ಬರಲು ಅದಕ್ಕೆ 2.3 ಸೆಕೆಂಡು ಬೇಕು. ಬೆಳಕು ಅಷ್ಟೇ ದೂರವನ್ನು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ, ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಅಂದರೆ ಮಗಳ ಎಣಿಕೆಗೂ ನಿಜಕ್ಕೂ ಇರುವ ಅಂತರ ಸೆಕೆಂಡಿನ ಮೂರನೇ ಒಂದು ಭಾಗವೂ ಅಲ್ಲ. 'ಎರಡು' ಎಂದು ಬಾಯಲ್ಲಿ ಹೇಳಿ ಮುಗಿಸಲೇ ಅಷ್ಟು ಹೊತ್ತು ಬೇಕು. ಆದರೆ ಎರಡು ಸೆಕೆಂಡಿನ ಅಳತೆಯಲ್ಲಿ 0.3 ಸೆಕೆಂಡು ಜಾರಿದರೆ ಉತ್ತರ ಶೇಕಡಾ 15ರಷ್ಟು ಜಾರುತ್ತದೆ. ಅದೇ ತಪ್ಪು 20 ಸೆಕೆಂಡಿನ ಅಳತೆಯಲ್ಲಿ ಆಗಿದ್ದರೆ ಶೇಕಡಾ ಒಂದೂವರೆ ಮಾತ್ರ.

ಆದರೂ ಎಣಿಕೆ ಹೆಚ್ಚಾಗದೆ ಕಡಿಮೆಯೇ ಏಕಾಯಿತು ಎಂದು ಕೇಳಬೇಕು, ಏಕೆಂದರೆ ಇದು ಬರೀ ಅದೃಷ್ಟದ ಮಾತಲ್ಲ. ಮಿಂಚು ಹೇಳದೆ ಕೇಳದೆ ಬರುತ್ತದೆ. ಕಣ್ಣು ಕಂಡು, ಮನಸ್ಸು ಗ್ರಹಿಸಿ, ಎಣಿಕೆ ಶುರುವಾಗುವಷ್ಟರಲ್ಲಿ ಸ್ವಲ್ಪ ಹೊತ್ತು ಕಳೆದಿರುತ್ತದೆ. ಗುಡುಗು ಹಾಗಲ್ಲ. ಅದಕ್ಕಾಗಿ ನಾವು ಕಿವಿ ನಿಮಿರಿಸಿ ಕಾಯುತ್ತಿರುತ್ತೇವೆ, ಕೇಳಿದೊಡನೆ ನಿಲ್ಲಿಸುತ್ತೇವೆ. ಸಾಲದ್ದಕ್ಕೆ ಕಣ್ಣಿನಿಂದ ಬಂದ ಸೂಚನೆಗಿಂತ ಕಿವಿಯಿಂದ ಬಂದ ಸೂಚನೆಗೆ ಮನುಷ್ಯ ತುಸು ಬೇಗ ಸ್ಪಂದಿಸುತ್ತಾನೆ. ಶುರು ತಡ, ಕೊನೆ ಚುರುಕು. ಹೀಗಾಗಿ ಅಳೆದ ಕಾಲ ನಿಜಕ್ಕಿಂತ ಕಡಿಮೆಯಾಗುವ ಕಡೆಗೇ ವಾಲುತ್ತದೆ, ವೇಗ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಂಥ ಒಂದೇ ಕಡೆಗೆ ವಾಲುವ ತಪ್ಪು ನೂರು ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ. ಇನ್ನೊಂದು ವಿಷಯವನ್ನೂ ಮಗಳನ್ನು ಕೇಳಿ: ಮಿಂಚಿನ ಕ್ಷಣಕ್ಕೆ 'ಸೊನ್ನೆ' ಎಂದಳೋ 'ಒಂದು' ಎಂದಳೋ? 'ಒಂದು' ಎಂದು ಶುರು ಮಾಡಿದವರ ಎಣಿಕೆಯಲ್ಲಿ ಒಂದು ಸೆಕೆಂಡು ಕಳೆಯಬೇಕಾಗುತ್ತದೆ. ನಿಮ್ಮ ಲೆಕ್ಕಕ್ಕೆ ಹತ್ತಿರದ ಉತ್ತರ ಬಂದಿರುವುದರಿಂದ ಆಕೆ ಸೊನ್ನೆಯಿಂದಲೇ ಎಣಿಸಿರಬೇಕು.

ಇನ್ನು 800ರ ವಿಷಯ. ಕನ್ನಡದಲ್ಲಿ ನಮಗೆ ಮಿಂಚು, ಸಿಡಿಲು, ಗುಡುಗು ಎಂದು ಮೂರು ಮಾತುಗಳಿವೆ. ಹತ್ತಿರ ಬಡಿದದ್ದು ಸಿಡಿಯುವ ಸದ್ದು, ದೂರದ್ದು ಗುಡುಗುಡು ಉರುಳುವ ಸದ್ದು. ಹುಟ್ಟು ಎರಡಕ್ಕೂ ಒಂದೇ. ಮಿಂಚು ಹಾಯುವ ದಾರಿಯ ಗಾಳಿ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಕಾದ ಗಾಳಿ ನಿಧಾನವಾಗಿ ಹಿಗ್ಗಲು ಹೊತ್ತಿಲ್ಲದೆ ಸ್ಫೋಟಿಸುತ್ತದೆ. ಆದರೆ ಈ ಸ್ಫೋಟ ನಡೆಯುವುದು ಮರದ ಬುಡದಲ್ಲಿ ಮಾತ್ರವಲ್ಲ. ಮೋಡದಿಂದ ನೆಲದವರೆಗಿನ ಹಲವು ಕಿಲೋಮೀಟರ್ ಉದ್ದದ, ಅಂಕುಡೊಂಕಾದ, ಕವಲೊಡೆದ ದಾರಿಯ ಉದ್ದಕ್ಕೂ ಒಂದೇ ಹೊತ್ತಿಗೆ ನಡೆಯುತ್ತದೆ. ಆ ದಾರಿಯ ಯಾವ ತುಂಡು ನಿಮಗೆ ಹತ್ತಿರವೋ ಅದರ ಸದ್ದು ಮೊದಲು, ದೂರದ ತುಂಡುಗಳದ್ದು ಆಮೇಲೆ. ಗುಡುಗು ಹತ್ತು ಹದಿನೈದು ಸೆಕೆಂಡು ಉರುಳುವುದು ಇದರಿಂದಲೇ. ದಾರಿಯ ಹತ್ತಿರದ ತುದಿಗಿಂತ ದೂರದ ತುದಿ 5 ಕಿಲೋಮೀಟರ್ ಹೆಚ್ಚು ದೂರವಿದ್ದರೆ, ಮೊದಲ ಸದ್ದಿಗೂ ಕೊನೆಯ ಸದ್ದಿಗೂ ಹದಿನಾಲ್ಕೂವರೆ ಸೆಕೆಂಡು ಅಂತರ.

ಹಾಗಾದರೆ ನಿಮ್ಮ ಮಗಳು ಕೇಳಿದ ಮೊದಲ ಸದ್ದು ಎಲ್ಲಿಂದ ಬಂದದ್ದು? ಮರದಿಂದಲೇ ಎಂದು ಹೇಳಲಾಗದು. ಮಿಂಚಿನ ದಾರಿ ಮೇಲೆ ನಿಮ್ಮ ಮನೆಯ ಕಡೆಗೆ ಸ್ವಲ್ಪ ಬಾಗಿದ್ದರೆ, ಅಥವಾ ಒಂದು ಕವಲು ಈಚೆ ಚಾಚಿದ್ದರೆ, ಹತ್ತಿರದ ಬಿಂದು 700 ಮೀಟರಿನಲ್ಲೇ ಇದ್ದಿರಬಹುದು. 700 ಮೀಟರನ್ನು 346ರಿಂದ ಭಾಗಿಸಿ ನೋಡಿ. 2.02 ಸೆಕೆಂಡು. ಎಣಿಕೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲದಿದ್ದರೂ 400 ಬರುತ್ತಿತ್ತು! ಎಣಿಕೆಯ ಜಾರುವಿಕೆ, ದಾರಿಯ ಬಾಗು ಎರಡೂ ಸೇರಿಯೇ ನಿಮ್ಮ ಉತ್ತರವನ್ನು ಮೇಲೆತ್ತಿವೆ ಎಂಬುದು ನನ್ನ ಅಂದಾಜು.

ಸಿಡಿಲಿನ ಸದ್ದು ಬೇರೆ ಸದ್ದಿಗಿಂತ ಬೇಗ ಬರುತ್ತದೆಯೇ ಎಂದು ಕೇಳಿದ್ದೀರಿ. ಇದರಲ್ಲಿ ಒಂದು ಹಿಡಿಯಷ್ಟು ನಿಜವಿದೆ. ಮಿಂಚಿನ ದಾರಿಯ ಪಕ್ಕದ ಕೆಲವು ಮೀಟರುಗಳಲ್ಲಿ ಸ್ಫೋಟದ ಅಲೆ ಶಬ್ದಕ್ಕಿಂತ ವೇಗವಾಗಿ ಹರಡುತ್ತದೆ, ಇದಕ್ಕೆ ಆಘಾತ ತರಂಗ ಎನ್ನುತ್ತಾರೆ. ಆದರೆ ಅದು ಹರಡುತ್ತಲೇ ಕಸುವು ಕಳೆದುಕೊಂಡು ಸಾಧಾರಣ ಶಬ್ದವಾಗಿ ಬಿಡುತ್ತದೆ. ಮೊದಲ ಹತ್ತು ಮೀಟರನ್ನು ಅದು ಸೊನ್ನೆ ಸೆಕೆಂಡಿನಲ್ಲಿ ದಾಟಿತೆಂದೇ ಒಪ್ಪಿಕೊಳ್ಳಿ, ಆಗಲೂ ಉಳಿಯುವುದು 0.03 ಸೆಕೆಂಡು. ನಿಮಗೆ ಲೆಕ್ಕ ಹೊಂದಿಸಲು ಬೇಕಿರುವುದು ಅದರ ಹತ್ತು ಪಟ್ಟು. ಗುಡುಗು ಜೋರಾಗಿರುವುದರಿಂದ ಬೇಗ ಬರುತ್ತದೆ ಎಂಬ ನಂಬಿಕೆಯನ್ನು ಇಲ್ಲಿಗೇ ಬಿಟ್ಟುಬಿಡಬಹುದು. ಕಿಲೋಮೀಟರುಗಟ್ಟಲೆ ದಾರಿಯಲ್ಲಿ ಪಿಸುಮಾತಿಗೂ ಗುಡುಗಿಗೂ ವೇಗ ಒಂದೇ.

ಪುಸ್ತಕದ ಅಂಕಿಯ ಬಗ್ಗೆಯೂ ಒಂದು ಮಾತು. ಕೆಲವೆಡೆ 330 ಎಂದಿರುತ್ತದೆ, ಕೆಲವೆಡೆ 340, ಇನ್ನು ಕೆಲವೆಡೆ 346. ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಎಲ್ಲವೂ ಸರಿ, ಉಷ್ಣತೆ ಬೇರೆ ಬೇರೆ. ಸೊನ್ನೆ ಡಿಗ್ರಿಯ ಒಣ ಗಾಳಿಯಲ್ಲಿ ವೇಗ 331 ಮೀಟರ್. ಅಲ್ಲಿಂದ ಪ್ರತಿ ಡಿಗ್ರಿಗೆ 0.6 ಮೀಟರ್ ಸೇರಿಸುತ್ತಾ ಹೋಗಿ. 20 ಡಿಗ್ರಿಗೆ 343, 30 ಡಿಗ್ರಿಗೆ 349. ನಮ್ಮ ಊರುಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಾಗಿ 330 ಎಂಬ ಅಂಕಿ ಇಲ್ಲಿಯ ಮಳೆಗಾಲಕ್ಕೆ ಸಲ್ಲುವುದಿಲ್ಲ. ಗಾಳಿಯ ತೇವದಿಂದ ವೇಗ ತುಸು ಹೆಚ್ಚುತ್ತದೆ, ಅದು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಬೀಸುವ ಗಾಳಿಯ ಪರಿಣಾಮ ಇದಕ್ಕಿಂತ ದೊಡ್ಡದು. ಗಂಟೆಗೆ 36 ಕಿಲೋಮೀಟರಿನ ಗಾಳಿ ಸದ್ದಿನ ಜೊತೆಗೆ ಬೀಸಿದರೆ ಸೆಕೆಂಡಿಗೆ 10 ಮೀಟರ್ ಕೂಡುತ್ತದೆ, ಎದುರು ಬೀಸಿದರೆ ಅಷ್ಟೇ ಕಳೆಯುತ್ತದೆ. ಮಳೆಗೆ ಮುಂಚಿನ ಬಿರುಗಾಳಿಯಲ್ಲಿ ಇದು ಲೆಕ್ಕಕ್ಕೆ ಬರುವ ಮೊತ್ತ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಶಬ್ದದ ವೇಗವನ್ನು ಮೊದಮೊದಲು ಚೆನ್ನಾಗಿ ಅಳೆದವರು ನಂಬಿದ್ದು ಮಿಂಚನ್ನಲ್ಲ, ಫಿರಂಗಿಯನ್ನು. ಮಿಂಚು ಹೊತ್ತನ್ನು ಕರಾರುವಾಕ್ಕಾಗಿ ಹೇಳುತ್ತದೆ, ಜಾಗವನ್ನು ಹೇಳುವುದಿಲ್ಲ. ಫಿರಂಗಿ ಎರಡನ್ನೂ ಹೇಳುತ್ತದೆ. ಇಂಗ್ಲೆಂಡಿನ ಅಪ್‌ಮಿನ್‌ಸ್ಟರ್ ಎಂಬ ಊರಿನ ಪಾದ್ರಿ ವಿಲಿಯಂ ಡೆರ್‌ಹ್ಯಾಮ್ 18ನೇ ಶತಮಾನದ ಮೊದಲ ದಶಕದಲ್ಲಿ ತನ್ನ ಚರ್ಚಿನ ಗೋಪುರ ಹತ್ತಿ ದೂರದರ್ಶಕ ಹಿಡಿದು ಕೂತ. ಹನ್ನೆರಡು ಮೈಲಿಗೂ ಹೆಚ್ಚು ದೂರದ ಬ್ಲ್ಯಾಕ್‌ಹೀತ್ ಬಯಲಿನಲ್ಲಿ ಫಿರಂಗಿ ಹಾರಿಸಿದಾಗ ಮೊದಲು ಬೆಂಕಿಯ ಮಿನುಗು ಕಾಣುತ್ತಿತ್ತು, ಸದ್ದು ಮುಟ್ಟಲು ಸುಮಾರು ಒಂದು ನಿಮಿಷ ಬೇಕಾಗುತ್ತಿತ್ತು. ಅರ್ಧ ಸೆಕೆಂಡಿಗೊಮ್ಮೆ ತೂಗುವ ಲೋಲಕದಿಂದ ಆತ ಎಣಿಸಿದ. ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸಿದ ದಿನಗಳಲ್ಲೆಲ್ಲ ಅಳೆದು, ಕೊನೆಗೆ ಸೆಕೆಂಡಿಗೆ 1142 ಅಡಿ ಎಂದ. ಮೀಟರಿನಲ್ಲಿ 348. ಒಂದು ನಿಮಿಷದ ಎಣಿಕೆಯಲ್ಲಿ ಅರ್ಧ ಸೆಕೆಂಡು ತಪ್ಪಿದರೂ ಶೇಕಡಾ ಒಂದರಷ್ಟೂ ಕೆಡುವುದಿಲ್ಲ. ನಿಮ್ಮ ಮಗಳಿಗಿಂತ ಆತನ ಕೈ ಚುರುಕಾಗಿರಲಿಲ್ಲ, ಆತನಿಗೆ ಸಿಕ್ಕ ದೂರ ಹೆಚ್ಚಾಗಿತ್ತು, ಅಷ್ಟೇ.

ಅದೇ ಕಾಲಕ್ಕೆ ನ್ಯೂಟನ್ ಕಾಗದದ ಮೇಲೆ ಶಬ್ದದ ವೇಗವನ್ನು ಲೆಕ್ಕ ಹಾಕಿದ್ದ. 1713ರಲ್ಲಿ ಬಂದ ಅವನ 'ಪ್ರಿನ್ಸಿಪಿಯಾ' ಗ್ರಂಥದ ಎರಡನೆಯ ಆವೃತ್ತಿಯಲ್ಲಿ ಉತ್ತರ ಸೆಕೆಂಡಿಗೆ 979 ಅಡಿ. ಅಳತೆಗಿಂತ ಏಳರಲ್ಲೊಂದು ಪಾಲು ಕಡಿಮೆ. ನಿಮ್ಮ ಮಗಳ ಉತ್ತರ ಎಷ್ಟು ಹೆಚ್ಚಾಯಿತೋ ಹೆಚ್ಚುಕಡಿಮೆ ಅಷ್ಟೇ ಅವನದು ಕಡಿಮೆಯಾಗಿತ್ತು. ಗಾಳಿಯ ಕಣಗಳ ಗಾತ್ರ, ತೇವ ಎಂದು ಅವನು ಕಾರಣಗಳನ್ನು ಹೊಂದಿಸಲು ನೋಡಿದ, ಅವು ನಿಲ್ಲಲಿಲ್ಲ. ನಿಜವಾದ ಕಾರಣವನ್ನು ನೂರು ವರ್ಷ ಕಳೆದ ಮೇಲೆ, 1816ರಲ್ಲಿ, ಫ್ರಾನ್ಸಿನ ಲಾಪ್ಲಾಸ್ ಹೇಳಿದ. ಶಬ್ದದ ಅಲೆ ಗಾಳಿಯನ್ನು ಒತ್ತಿದಾಗ ಗಾಳಿ ಕ್ಷಣಕಾಲ ಬಿಸಿಯಾಗುತ್ತದೆ, ಸಡಿಲಿಸಿದಾಗ ತಣಿಯುತ್ತದೆ. ಸೈಕಲ್ ಪಂಪನ್ನು ಜೋರಾಗಿ ಒತ್ತಿದಾಗ ಅದರ ಕೆಳತುದಿ ಬಿಸಿಯಾಗುವ ಹಾಗೆ. ಆ ಬಿಸಿ ಸುತ್ತ ಹರಡಿಕೊಳ್ಳುವಷ್ಟು ಪುರುಸೊತ್ತು ಅಲೆಗೆ ಇರುವುದಿಲ್ಲ. ಇದರಿಂದ ಗಾಳಿ ನ್ಯೂಟನ್ ಎಣಿಸಿದ್ದಕ್ಕಿಂತ ಬಿಗಿಯಾಗಿ ವರ್ತಿಸುತ್ತದೆ. ಸೊನ್ನೆ ಡಿಗ್ರಿಗೆ ನ್ಯೂಟನ್ನನ ಸೂತ್ರ ಕೊಡುವ 280 ಮೀಟರನ್ನು 1.4ರ ವರ್ಗಮೂಲದಿಂದ ಗುಣಿಸಿ, 331 ಬರುತ್ತದೆ. ಆ ಒಂದು ಗುಣಾಕಾರಕ್ಕಾಗಿ ಭೌತಶಾಸ್ತ್ರ ಒಂದು ಶತಮಾನ ಕಾಯಬೇಕಾಯಿತು.

ನಮ್ಮ ಪಕ್ಕದಲ್ಲೇ ನಡೆದ ಪ್ರಯೋಗವೊಂದು ನಮ್ಮ ಪಾಠಗಳಲ್ಲಿ ಬರುವುದೇ ಇಲ್ಲ. 1820ರ ಸುಮಾರಿಗೆ ಮದರಾಸು ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್, ಸೇಂಟ್ ಜಾರ್ಜ್ ಕೋಟೆಯಿಂದಲೂ ಸೇಂಟ್ ಥಾಮಸ್ ಗುಡ್ಡದಿಂದಲೂ ಹೊತ್ತುಹೊತ್ತಿಗೆ ಹಾರಿಸುತ್ತಿದ್ದ ತೋಪುಗಳನ್ನೇ ಬಳಸಿಕೊಂಡ. ಮಿನುಗು ಕಂಡು ಸದ್ದು ಕೇಳುವವರೆಗಿನ ಕಾಲವನ್ನು ತಿಂಗಳುಗಟ್ಟಲೆ ಬರೆದಿಟ್ಟ. ಜೊತೆಗೆ ಆ ಹೊತ್ತಿನ ಉಷ್ಣತೆ, ತೇವ, ವಾಯುಭಾರ, ಗಾಳಿಯ ದಿಕ್ಕು. ತಂಪು ತಿಂಗಳಲ್ಲಿ ಸದ್ದು ನಿಧಾನ, ಬೇಸಿಗೆಯಲ್ಲಿ ವೇಗ ಎಂಬುದು ಅವನ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಅದು 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ವೀಕ್ಷಣಾಲಯದ ಕೆಲಸ ಮುಂದೆ ಕೊಡೈಕೆನಾಲಿಗೆ ಹೋಯಿತು, ಅದರ ಮುಂದುವರಿದ ರೂಪವೇ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ದಿನವೂ ಹಾರುವ ತೋಪನ್ನು ಊರೆಲ್ಲ ಗಡಿಯಾರ ಹೊಂದಿಸಲು ಕೇಳುತ್ತಿದ್ದರೆ, ಒಬ್ಬನಿಗೆ ಅದರಲ್ಲಿ ಪ್ರಯೋಗ ಕಂಡಿತು. ನಿಮ್ಮ ಮಗಳ ಬುದ್ಧಿಗೂ ಅದೇ ಜಾತಿಯ ಹೊಳಹು ಇದೆ.

ಗುಡುಗಿನಿಂದಲೇ ಅಳೆಯುವ ದಾರಿ ಇದೆಯೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೆ ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಿಂಚಿಗೂ ಗುಡುಗಿಗೂ ನಡುವೆ ಎರಡು ಸೆಕೆಂಡು ಎಂದರೆ ನೀವು ಅಪಾಯದ ನಡುವೆಯೇ ಇದ್ದಿರಿ. ಒಂದು ಸಿಡಿಲು ಇಲ್ಲಿ, ಮುಂದಿನದು ಹಲವು ಕಿಲೋಮೀಟರ್ ಆಚೆ ಬೀಳುವುದು ಮಾಮೂಲು. ತೆರೆದ ಜಗಲಿ ಆಶ್ರಯವಲ್ಲ. ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ, ಅಂದರೆ ಸುಮಾರು 10 ಕಿಲೋಮೀಟರಿನೊಳಗೆ ಬಂದಿದ್ದರೆ, ಒಳಗೆ ಹೋಗಿ ಬಾಗಿಲು ಕಿಟಕಿ ಹಾಕಿಕೊಳ್ಳಬೇಕು. ಗೋಡೆಗೆ ಒರಗಬಾರದು, ನಲ್ಲಿ ಮುಟ್ಟಬಾರದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ತೋಟದಲ್ಲಿದ್ದರೆ ಮರದಡಿ ನಿಲ್ಲುವ ಮಾತೇ ಬೇಡ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲುಗಳನ್ನು ನಕಾಶೆಯಲ್ಲಿ ತೋರಿಸುತ್ತದೆ. ಅದನ್ನು ಫೋನಿಗೆ ಹಾಕಿಕೊಳ್ಳಿ, ಆದರೆ ಪ್ರಯೋಗಕ್ಕಲ್ಲ, ಜೀವಕ್ಕಾಗಿ. ಮಳೆಯ ನಡುವೆ ಅದರಲ್ಲಿ ಚುಕ್ಕಿಗಳು ಹಲವಿರುತ್ತವೆ, ನೀವು ಕಂಡ ಮಿಂಚು ಯಾವ ಚುಕ್ಕಿ ಎಂದು ಗುರುತಿಸುವುದು ಕಷ್ಟ.

ಜಾಗ ಗೊತ್ತಿಲ್ಲದ ಸಿಡಿಲಿನಿಂದಲೂ ವೇಗ ತೆಗೆಯಲು ಒಂದು ಚೆಂದದ ಉಪಾಯವಿದೆ, ಅದಕ್ಕೆ ರೇಖಾಗಣಿತ ಸಾಕು. ನೇರ ರಸ್ತೆಯ ಮೇಲೆ 2 ಕಿಲೋಮೀಟರಿಗೊಂದರಂತೆ ಮೂರು ಮನೆ, ಮೂರರಲ್ಲೂ ಕಿಟಕಿಯ ಹಿಂದೆ ಒಬ್ಬೊಬ್ಬ ಗೆಳತಿ. ಒಂದೇ ಮಿಂಚಿಗೆ ಮೂವರೂ ಗುಡುಗಿನ ಅಂತರವನ್ನು ಅಳೆಯುತ್ತಾರೆ. ನಡುವಿನ ಮನೆ ಎಂಬುದು ಆಚೀಚಿನ ಎರಡು ಮನೆಗಳನ್ನು ಸೇರಿಸುವ ಗೆರೆಯ ಮಧ್ಯಬಿಂದು. ಹಾಗಾಗಿ ಸಿಡಿಲು ಎಲ್ಲೇ ಇರಲಿ, ನೆಲದಲ್ಲಿರಲಿ ಆಕಾಶದಲ್ಲಿರಲಿ, ತ್ರಿಭುಜದ ಮಧ್ಯರೇಖೆಯ ಪ್ರಮೇಯ ಅನ್ವಯಿಸುತ್ತದೆ. ಆಚೀಚಿನ ಇಬ್ಬರ ದೂರಗಳ ವರ್ಗಗಳನ್ನು ಕೂಡಿಸಿ, ನಡುವಿನವಳ ದೂರದ ವರ್ಗದ ಎರಡರಷ್ಟನ್ನು ಕಳೆದರೆ, ಮನೆಗಳ ಅಂತರದ ವರ್ಗದ ಎರಡರಷ್ಟು ಉಳಿಯುತ್ತದೆ. ಪ್ರತಿಯೊಂದು ದೂರವೂ ವೇಗ ಗುಣಿಸು ಕಾಲವೇ ಆದ್ದರಿಂದ, ಸಿಡಿಲಿನ ಜಾಗ ಲೆಕ್ಕದಿಂದ ತಾನಾಗಿ ಉದುರಿಹೋಗುತ್ತದೆ. ಮೂವರಿಗೆ 8.4, 4.6, 6.1 ಸೆಕೆಂಡು ಬಂತೆನ್ನಿ. ವರ್ಗಗಳು 70.56, 21.16, 37.21. ಮೊದಲ ಮತ್ತು ಕೊನೆಯದರ ಮೊತ್ತ 107.77, ಅದರಲ್ಲಿ 42.32 ಕಳೆದರೆ 65.45. ಮನೆಗಳ ಅಂತರ 2, ಅದರ ವರ್ಗದ ಎರಡರಷ್ಟು 8. ಎಂಟನ್ನು 65.45ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.35, ಅಂದರೆ ಸೆಕೆಂಡಿಗೆ 350 ಮೀಟರ್.

ಆದರೆ ನಡುವಿನವಳು 4.6ರ ಬದಲು 5 ಎಂದು ಬರೆದರೆ ಉತ್ತರ 372ಕ್ಕೆ ಹಾರುತ್ತದೆ. ಸಿಡಿಲು ಹತ್ತು ಕಿಲೋಮೀಟರ್ ಆಚೆ ಇದ್ದರಂತೂ ಇನ್ನೂ ಸಣ್ಣ ತಪ್ಪಿಗೆ ಇನ್ನೂ ದೊಡ್ಡ ದಂಡ. ಮೂವರಿಗೂ ಮೊದಲ ಸದ್ದು ಮಿಂಚಿನ ಒಂದೇ ತುಂಡಿನಿಂದ ಬಂದಿರುತ್ತದೆ ಎಂಬ ಖಾತರಿಯೂ ಇಲ್ಲ. ಹಾಗಾಗಿ ಇದನ್ನು ಬಾಯೆಣಿಕೆಯಲ್ಲಿ ಮಾಡದೆ ಫೋನನ್ನು ಕಿಟಕಿಯ ಒಳಗಿಟ್ಟು ವಿಡಿಯೋ ಮಾಡಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಧಾರಣ ಫೋನೂ ಮಿಂಚಿನ ಕ್ಷಣವನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗದೊಳಗೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸದ್ದು ದಾಟುವುದು ಹನ್ನೆರಡು ಮೀಟರ್ ಕೂಡ ಇಲ್ಲ. ಫೋನು ಚಿತ್ರವನ್ನೂ ಸದ್ದನ್ನೂ ಕೂಡಿಸುವಾಗ ತಾನೇ ಹೆಚ್ಚುಕಡಿಮೆ ಮಾಡುತ್ತದೆಯೇ ಎಂದು ತಿಳಿಯಲು, ಅದರ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ಅದನ್ನೂ ಚಿತ್ರೀಕರಿಸಿಕೊಳ್ಳಿ. ನಿಮ್ಮ ತೆಂಗಿನ ಮರದ ಸಂಜೆಯ ವಿಡಿಯೋ ಇದ್ದಿದ್ದರೆ ಎಣಿಕೆಯ ತಪ್ಪೆಷ್ಟು, ದಾರಿಯ ಬಾಗೆಷ್ಟು ಎಂದು ಬೇರ್ಪಡಿಸಿ ಹೇಳಬಹುದಿತ್ತು.

ಮಳೆ ನಿಂತ ದಿನ ಮಾಡಬಹುದಾದ, ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಯೋಗ ಇನ್ನೊಂದಿದೆ. ಅದಕ್ಕೆ ಮಿಂಚೂ ಬೇಡ, ಚುರುಕು ಕೈಯೂ ಬೇಡ. ಒಂದು ತಮಟೆ, ನೇರವಾದ ಕೆರೆ ಏರಿ, ಒಂದು ಅಳತೆ ಟೇಪು ಸಾಕು. ಫೋನಿನಲ್ಲಿ ತಾಳ ಹಾಕುವ ಆ್ಯಪನ್ನು ನಿಮಿಷಕ್ಕೆ 120ಕ್ಕೆ ಹೊಂದಿಸಿ. ಅದನ್ನು ಕೇಳುತ್ತಾ ನೀವು ಅರ್ಧ ಸೆಕೆಂಡಿಗೊಂದರಂತೆ ತಮಟೆ ಬಡಿಯುತ್ತಿರಿ. ಕೋಲಿಗೆ ಬಿಳಿ ಬಟ್ಟೆ ಸುತ್ತಿದರೆ ದೂರಕ್ಕೂ ಕಾಣುತ್ತದೆ. ಮಗಳು ನಿಮ್ಮನ್ನೇ ನೋಡುತ್ತಾ ಹಿಂದೆ ಹಿಂದೆ ಹೋಗಲಿ. ಹತ್ತಿರವಿದ್ದಾಗ ಪೆಟ್ಟು ಬೀಳುವುದೂ ಸದ್ದೂ ಒಟ್ಟಿಗೆ. ಹೋದಂತೆ ಸದ್ದು ಹಿಂದುಳಿಯುತ್ತದೆ. ಎಂಬತ್ತು ತೊಂಬತ್ತು ಮೀಟರಿನಲ್ಲಿ ಕೋಲು ಮೇಲಿರುವಾಗ ಸದ್ದು ಕೇಳಿಸುತ್ತದೆ. ಇನ್ನೂ ಹೋದರೆ ಒಂದು ಕಡೆ ಮತ್ತೆ ಎರಡೂ ಕೂಡಿಕೊಳ್ಳುತ್ತವೆ. ಅಲ್ಲಿ ಆಕೆ ಕಾಣುತ್ತಿರುವುದು ಈಗಿನ ಪೆಟ್ಟು, ಕೇಳುತ್ತಿರುವುದು ಹಿಂದಿನ ಪೆಟ್ಟು. ಅಲ್ಲಿಗೆ ಸದ್ದು ಬರಲು ಸರಿಯಾಗಿ ಅರ್ಧ ಸೆಕೆಂಡು ಹಿಡಿದಿದೆ.

ಇಲ್ಲಿ ಮಿಂಚಿನ ಹಾಗೆ ಒಂದೇ ಅವಕಾಶವಲ್ಲ, ಹತ್ತು ನಿಮಿಷ ನಿಂತು ಹಿಂದೆ ಮುಂದೆ ಸರಿದು ಜಾಗ ಗಟ್ಟಿ ಮಾಡಿಕೊಳ್ಳಬಹುದು. ಗುರುತು ಹಾಕಿ ಟೇಪಿನಲ್ಲಿ ಅಳೆಯಿರಿ. ಗಾಳಿ ಇದ್ದರೆ ಇಬ್ಬರೂ ಜಾಗ ಬದಲಿಸಿಕೊಂಡು ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. 25 ಡಿಗ್ರಿಯ ಬೆಳಗ್ಗೆ ಅದು 173 ಮೀಟರ್ ಆಗಬೇಕು, ಹತ್ತು ಮೀಟರ್ ಆಚೀಚೆ ಆದರೂ ಬೇಸರ ಬೇಡ. ಬಂದದ್ದನ್ನು ಎರಡರಿಂದ ಗುಣಿಸಿ, ಪಕ್ಕದಲ್ಲಿ ಆ ಹೊತ್ತಿನ ಉಷ್ಣತೆ ಬರೆದು ಕಳಿಸಿ. ಬಿಸಿಲೇರಿದ ಮಧ್ಯಾಹ್ನ ಅದೇ ಏರಿಯ ಮೇಲೆ ಇನ್ನೊಂದು ಸಲ ಮಾಡಿದರೆ ಗುರುತು ಎತ್ತ ಸರಿಯುತ್ತದೆ ಎಂದು ಹೋಗುವ ಮೊದಲೇ ಊಹಿಸಿ ಬರೆದಿಡಲು ಮಗಳಿಗೆ ಹೇಳಿ.